ಲಕ್ಷ್ಮಿಯ ಕಿರುಬೆರಳು

ನಾನು ಒಂದು ಹಾರ್ಡ್ ಡಿಸ್ಕ್. ತೂಕ ನೂರ ಎಪ್ಪತ್ತು ಗ್ರಾಂ. ನನ್ನೊಳಗೆ ಕನ್ನಡಿಯಂತೆ ಹೊಳೆಯುವ ಎರಡು ತಟ್ಟೆಗಳಿವೆ. ಅವು ನಿಮಿಷಕ್ಕೆ ಐದು ಸಾವಿರದ ನಾನ್ನೂರು ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ಸೂಜಿಯೊಂದು, ಕೂದಲಿನ ದಪ್ಪದ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ತಟ್ಟೆಯನ್ನು ಅದು ಎಂದೂ ಮುಟ್ಟಬಾರದು. ಮುಟ್ಟಿದರೆ ನನ್ನ ಆಯುಷ್ಯ ಮುಗಿಯಿತು. ದೂರದೇಶದ ಕಾರ್ಖಾನೆಯೊಂದರ ಧೂಳಿಲ್ಲದ ಕೋಣೆಯಲ್ಲಿ ನಾನು ಕಲಿತ ಮೊದಲ ಪಾಠ ಅದು: ಹತ್ತಿರವಿರು, ಮುಟ್ಟಬೇಡ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಏಳು ತಿಂಗಳು ಕುಳಿತ ಮೇಲೆ ನನ್ನನ್ನು ಗುರುನಾಥ ಚಿತ್ರಗಾರ ಎಂಬವರು ಕೊಂಡರು. ಅರವತ್ತಮೂರು ವರ್ಷದ ಅವಿವಾಹಿತರು. ಒಂದು ಕೋಣೆಯ ಮನೆ, ಒಂದು ಕಂಪ್ಯೂಟರ್, ಒಂದು ಕುರ್ಚಿ. ಎರಡನೆಯ ಕುರ್ಚಿ ಇರಲಿಲ್ಲ.

ಅವರು ನನ್ನೊಳಗೆ ಇಟ್ಟದ್ದು ಹಳೆಯ ವಿದೇಶಿ ಪತ್ರಿಕೆಗಳ ಪುಟಗಳನ್ನು. ಯಾರು ಯಾರೋ ಎಲ್ಲೆಲ್ಲೋ ಕುಳಿತು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದ್ದ ಪುಟಗಳು. ಈಜುಡುಗೆಯಲ್ಲಿ ನಗುವ ಹೆಣ್ಣುಗಳು. ಮೊಣಕೈ ದಾಟಿದ ಕರಿ ಕೈಗವಸು, ತೊಡೆಯವರೆಗಿನ ಬೂಟು, ಉಸಿರು ಬಿಗಿಯುವ ಸೊಂಟಪಟ್ಟಿ ತೊಟ್ಟು ನೆಟ್ಟಗೆ ನಿಂತ ಹೆಣ್ಣುಗಳು. ಒಟ್ಟು ಹನ್ನೊಂದು ಸಾವಿರದ ಆರು ನೂರು ಪುಟ. ಪ್ರತಿ ಪುಟಕ್ಕೂ ವರ್ಷ, ತಿಂಗಳು, ಪುಟಸಂಖ್ಯೆ.

ಇದಕ್ಕೊಂದು ಕಾರಣವಿತ್ತು. ಗುರುನಾಥರು ಮೂವತ್ತು ವರ್ಷ ಕ್ಯಾಲೆಂಡರ್ ಮುದ್ರಣಾಲಯದಲ್ಲಿ ದೇವತೆಗಳ ಚಿತ್ರ ಬರೆದವರು. ಅಲ್ಲಿನ ಮಾಲೀಕರು ಮುಂಬಯಿಯ ಫುಟ್‌ಪಾತಿನ ಹಳೆಪುಸ್ತಕದ ಅಂಗಡಿಗಳಿಂದ ಇಂಥ ಪತ್ರಿಕೆಗಳನ್ನು ತರುತ್ತಿದ್ದರು. ಕಲಾವಿದರು ಅವುಗಳಿಂದ ಕೈಯ ತಿರುವು, ಸೊಂಟದ ಬಾಗು ತೆಗೆದುಕೊಂಡು, ಮೇಲೆ ರೇಷ್ಮೆ ಸೀರೆ ಉಡಿಸಿ, ಕಿರೀಟ ಇಡುತ್ತಿದ್ದರು. ಕತ್ತರಿಸಿದ ಪುಟಗಳನ್ನು ಲಕೋಟೆಗೆ ಹಾಕಿ, ಯಾವ ದೇವಿಗೆ ಬಳಸಿದರೋ ಆ ಹೆಸರು ಬರೆಯುತ್ತಿದ್ದರು. ಮುದ್ರಣಾಲಯ ಮುಚ್ಚಿದಾಗ ಲಕೋಟೆಗಳೆಲ್ಲ ರದ್ದಿಗೆ ಹೋದವು. ಕಳೆದ ಆ ಪುಟಗಳನ್ನೇ ಗುರುನಾಥರು ಒಂದೊಂದಾಗಿ ಹುಡುಕುತ್ತಿದ್ದರು. ಹಳೆಯ ರೂಢಿಯಂತೆ ನನ್ನೊಳಗಿನ ಫೋಲ್ಡರುಗಳಿಗೂ ಲಕ್ಷ್ಮಿ, ಸರಸ್ವತಿ, ಗಂಗೆ ಎಂದೇ ಹೆಸರಿಟ್ಟರು.

ಸುಳ್ಳು ಹೇಳಲಾರೆ. ಕೆಲವು ಪುಟಗಳನ್ನು ಅವರು ಸುಮ್ಮನೆ ನೋಡಲೆಂದೇ ನೋಡುತ್ತಿದ್ದರು.

ಅವರಿಗಿದ್ದ ಒಂದೇ ಹಬ್ಬ ಶುಕ್ರವಾರ. ಅಂದು ಅಕ್ಕ ಶಂಕ್ರವ್ವನ ಮನೆಯಲ್ಲಿ ಊಟ. ಆ ಮನೆಯ ದೇವರ ಗೂಡಿನ ಮೇಲೆ ಗುರುನಾಥರೇ ಬರೆದ ಲಕ್ಷ್ಮಿಯ ಕ್ಯಾಲೆಂಡರ್ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ನಾಣ್ಯ ಸುರಿಯುವ ಆ ಕೈಯ ಕಿರುಬೆರಳು ತುಸು ಸೊಟ್ಟ. "ಕೊಟ್ಟು ಕೊಟ್ಟು ಸೊಟ್ಟಾದ ಬೆರಳು" ಎಂದು ಶಂಕ್ರವ್ವ ನಲವತ್ತು ವರ್ಷದಿಂದ ಅದಕ್ಕೇ ಕುಂಕುಮ ಹಚ್ಚುತ್ತಿದ್ದಳು. ಆ ಬೆರಳಿನ ಮೂಲ ಪುಟ ಮಾತ್ರ ಗುರುನಾಥರಿಗೆ ಇನ್ನೂ ಸಿಕ್ಕಿರಲಿಲ್ಲ.

ಒಂದು ದಿನ, ಶಂಕ್ರವ್ವನ ಜೊತೆಗೇ ಇರುವ ಮಗಳು ಸುಲೋಚನಾ ಬಂದಳು. ಪೂಜೆಯ ಆಮಂತ್ರಣ ಪತ್ರಿಕೆಗೆ ಮಾಮಾನ ಲಕ್ಷ್ಮಿಯ ಚಿತ್ರ ಬೇಕಿತ್ತು. ಗುರುನಾಥರು ಚಹಾಕ್ಕೆ ಹಾಲು ತರಲು ಹೋಗಿದ್ದರು. ಅವಳು 'ಲಕ್ಷ್ಮಿ' ಫೋಲ್ಡರ್ ತೆರೆದಳು.

"ಇವೇನ್ರಿ ಮಾಮಾ?" ಅವರು ಬಾಗಿಲಲ್ಲಿ ಕಾಣುತ್ತಲೇ ಕೇಳಿದಳು.

"ಅದು... ಕೆಲಸದ್ದವ್ವಾ."

"ಕೆಲಸ ಬಿಟ್ಟು ಎಷ್ಟ ವರ್ಷಾತು? ಹೋಗ್ಲಿ, ನೋಡ್ಕೋರಿ, ದೇವರ ಹೆಸರನಾದ್ರೂ ಬಿಡಬೇಕಿತ್ತು. ಇನ್ನ ನಮ್ಮ ಮನೀಗೆ ಬರಬ್ಯಾಡ್ರಿ. ಅವ್ವಗ ನಾ ಏನೂ ಹೇಳಂಗಿಲ್ಲ."

ಮುಂದಿನ ಶುಕ್ರವಾರ ಅಕ್ಕನ ಫೋನು ಬಂತು. "ಯಾಕ ತಮ್ಮಾ, ನನ್ನ ಹೋಳಿಗಿ ಸಾಕಾತೇನು? ಈ ವಯಸ್ಸಿನ್ಯಾಗ ಯಾವಕಿನಾರ ಮಾಡ್ಕೊಂಡಿಯೇನ ಮತ್ತ?"

"ಇಲ್ಲಕ್ಕಾ, ಮೊಣಕಾಲು ಹಿಡದೈತಿ."

"ಬಾರೋ ಮಾರಾಯಾ. ಬಂದ್ರ ನೀ ಬರದ ಲಕ್ಷ್ಮೀನ ನಿನ್ನ ಕಾಲು ಒತ್ತತಾಳ."

ಅವರು ಹೋಗಲಿಲ್ಲ. ಎಂಟು ತಿಂಗಳ ನಂತರ ಒಂದು ಮಧ್ಯಾಹ್ನ ಆ ಪುಟ ಸಿಕ್ಕಿತು. ಪುಟ ಇಪ್ಪತ್ತೆರಡು. ಕಡಲದಂಡೆಯಲ್ಲಿ ಕುಳಿತು ಅಂಗೈಯಿಂದ ಮರಳು ಸುರಿಸುತ್ತಿರುವ ಹೆಣ್ಣು. ಕಿರುಬೆರಳು ಸೊಟ್ಟ. ಗುರುನಾಥರು ಅದನ್ನೂ ತಮ್ಮ ಕ್ಯಾಲೆಂಡರಿನ ಚಿತ್ರವನ್ನೂ ಒಂದೇ ಕಡತದಲ್ಲಿ ಅಕ್ಕಪಕ್ಕ ಇಟ್ಟು, ಸುಲೋಚನಾಳಿಗೆ ಪತ್ರ ಟೈಪು ಮಾಡಿದರು: "ನೋಡವ್ವಾ, ಈ ಕೈ ಗುರುತಾತೇನು?" ಕಳುಹಿಸಿದ್ದರೆ ಅವರ ಮಾತು ನಿಜವೆಂದು ತಿಳಿಯುತ್ತಿತ್ತು, ಶುಕ್ರವಾರದ ಊಟ ಮರಳಿ ಸಿಗುತ್ತಿತ್ತು. ಆದರೆ ಮಾತು ಮಗಳಿಂದ ತಾಯಿಗೆ ದಾಟಿದರೆ, ಅಕ್ಕ ಮುಂದೆ ಯಾವ ಬೆರಳಿಗೆ ಕುಂಕುಮ ಹಚ್ಚಬೇಕು? ಅವರು ಪತ್ರವನ್ನು ಅಳಿಸಿದರು. ನನ್ನಲ್ಲಿ ಅಳಿಸಿದ್ದು ತಕ್ಷಣ ಅಳಿಯುವುದಿಲ್ಲ. ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಉಳಿದಿರುತ್ತದೆ. ಅವರು ಮತ್ತೇನೂ ಬರೆಯಲಿಲ್ಲ.

ಅಲ್ಲಿಂದ ಎರಡು ವರ್ಷ, ಪ್ರತಿ ಶುಕ್ರವಾರ ಊಟದ ಹೊತ್ತಿಗೆ ಆ ಎರಡು ಚಿತ್ರಗಳನ್ನು ತೆರೆದಿಟ್ಟುಕೊಂಡು ಬ್ರೆಡ್ಡು ತಿಂದರು. ಆಮೇಲೆ ಒಂದು ಶುಕ್ರವಾರ ನನ್ನನ್ನು ಯಾರೂ ತೆರೆಯಲಿಲ್ಲ.

ಕೋಣೆ ಖಾಲಿ ಮಾಡಲು ಬಂದ ಸುಲೋಚನಾ ನನ್ನನ್ನು ತನ್ನ ಮನೆಗೆ ಒಯ್ದಳು, ಅಳಿಸಿ ಮಕ್ಕಳ ಫೋಟೋ ತುಂಬಲು. ಅಳಿಸುವ ಮುನ್ನ ಕೊನೆಯ ಸಲ ತೆರೆದ ಕಡತ ಯಾವುದೆಂದು ನೋಡಿದಳು. ಎರಡು ಕೈಗಳು ಅಕ್ಕಪಕ್ಕದಲ್ಲಿ ಬೆಳಗಿದವು. ಅವಳು ತಲೆ ಎತ್ತಿ ದೇವರ ಗೂಡಿನತ್ತ ನೋಡಿದಳು, ಮತ್ತೆ ಪರದೆಯತ್ತ.

"ಸುಲೂ, ಏನದು?" ಒಳಗಿನಿಂದ ಶಂಕ್ರವ್ವ ಕೇಳಿದಳು.

"ಮಾಮಾನ ಕೆಲಸದ ಸಾಮಾನವ್ವಾ."

ಅವಳು ಏನನ್ನೂ ಅಳಿಸಲಿಲ್ಲ. ನನ್ನನ್ನು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಕೆಳಗಿನ ಖಾನೆಯಲ್ಲಿಟ್ಟಳು. ಈಗ ನಾನು ತಿರುಗುವುದಿಲ್ಲ. ನನ್ನ ಸೂಜಿ ತಟ್ಟೆಯಿಂದಾಚೆ ಸರಿದು ನಿಂತಿದೆ. ಶುಕ್ರವಾರ ಮೇಲಿನಿಂದ ಒಂದೆರಡು ಹೂವಿನೆಸಳು, ಒಂದು ಚಿಟಿಕೆ ಕುಂಕುಮ ಕೆಳಗೆ ಬೀಳುತ್ತವೆ. ಅಂದು ಸುಲೋಚನಾ ಒಂದು ತಟ್ಟೆ ಹೆಚ್ಚಿಗೆ ಬಡಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿಡುತ್ತಾಳೆ. ಯಾರಿಗೆ ಎಂದು ಶಂಕ್ರವ್ವ ಕೇಳುವುದಿಲ್ಲ. ಸತ್ತ ತಮ್ಮನಿಗೆ ಎಂದುಕೊಂಡಿದ್ದಾಳೆ. ಅದು ತಪ್ಪೇನಲ್ಲ.