ಕಳುಹಿಸಿದವರು: ಅಕ್ಕ

೧
ಎಲ್ಲಿಂದ ಶುರು ಮಾಡಲಿ? 'ಡೌನ್‌ಲೋಡ್' ಎಂಬ ಹಸಿರು ಗುಂಡಿಯಿಂದಲೇ? ಗುಂಡಿ ಒತ್ತುವುದೂ ಒಂದು ಕಥೆಯೇ ಎಂದು ನೀವು ಮೂಗು ಮುರಿಯುತ್ತೀರಿ. (ಮುರಿಯಿರಿ. ನನಗಂತೂ ಖುಷಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.)

೨
ನಮ್ಮಕ್ಕ ದರ್ಜಿ. ಇಷ್ಟು ವರ್ಷ ಬೇರೆಯವರ ಪ್ಯಾಂಟಿನ ಕಾಲು ಗಿಡ್ಡ ಮಾಡಿದ್ದೇ ಬಂತು. ಈಗ ಒಂದು ನಾಟಕ ಕಂಪನಿ, ರಾಜನ ಉಡುಪಿನ ಮಾದರಿ ಹೊಲಿದು ಇವತ್ತು ಸಂಜೆಯೊಳಗೆ ಫೋಟೋ ಮೇಲ್ ಮಾಡಿ ಎಂದಿದೆ. ಹೊಲಿದಾಯಿತು, ಫೋಟೋನೂ ತೆಗೆದಾಯಿತು. ಒಪ್ಪಿದರೆ ಇಡೀ ನಾಟಕದ ಬಟ್ಟೆ ಹೊಲಿಯುವ ಕೆಲಸ ಅವಳದ್ದೇ! ಇಂಥ ಹೊತ್ತಿನಲ್ಲೇ ಅಂಗಡಿ ಕಂಪ್ಯೂಟರಿನ ಹಳೆಯ ಮೇಲ್ ಪ್ರೋಗ್ರಾಂ ಕೈ ಎತ್ತಿಬಿಟ್ಟಿತು. ಅದಕ್ಕೇ ಅವಳ ತಮ್ಮನೂ ಈ ಕಥೆಯ ಲೇಖಕನೂ ಆದ ನಾನು ಹೊಸದೊಂದನ್ನು ಇನ್‌ಸ್ಟಾಲ್ ಮಾಡುತ್ತಿದ್ದೇನೆ. ಓಪನ್ ಸೋರ್ಸ್, ಪುಕ್ಕಟೆ.

"ಓಪನ್ ಅಂದ್ರೆ?"

"ಒಳಗೆ ಹೇಗೆ ಮಾಡಿದಾರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು ಅಕ್ಕಾ."

"ಒಳಹೊಲಿಗೆ ತೋರ್ಸೋಕೆ ಹೆದರಲ್ಲ ಅಂದ್ರೆ ಕೆಲ್ಸ ಚೆನ್ನಾಗೇ ಇರತ್ತೆ. ಹಾಕು."

೩ (ಹೊಡೆದುಹಾಕಿದ ಕರಡು)
ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು. ಕರೆಂಟ್ ಹೋಯಿತು. ಅಕ್ಕ ಕುಸಿದು ಕೂತಳು...

"ಏಯ್, ನಾನ್ಯಾಕೋ ಕುಸೀಲಿ? ಮೊದ್ಲು ಕರೆಂಟ್ ವಾಪಸ್ ಹಾಕು!" ಹೆಗಲ ಮೇಲಿಂದ ಕರಡು ಓದುತ್ತಿದ್ದ ಅಕ್ಕ ಗದರಿದಳು.

ಹಾಕಿದೆ. ಇನ್‌ಸ್ಟಾಲೂ ಮುಗಿಯಿತು. ಏನು ಸಲೀಸು ಅಂತೀರಿ!

೪
ಪ್ರೋಗ್ರಾಂ ತೆರೆದ ಕೂಡಲೇ ಅದು ಹೆಸರು, ಮೇಲ್ ವಿಳಾಸ, ಪಾಸ್‌ವರ್ಡ್ ಕೇಳಿತು. ಪಟಪಟನೆ ತುಂಬಿದೆ. ಅಕ್ಕ ಫೋಟೋ ಸೇರಿಸಿ 'ಕಳುಹಿಸಿ' ಒತ್ತಿದಳು. ಹೋಯಿತು! ಇಬ್ಬರೂ ಕುಣಿದೆವು. ಆಮೇಲೆ ಅವಳು ಪರದೆಗೆ ಮೂಗು ತಾಗಿಸಿ ನೋಡಿದಳು. ಕಳುಹಿಸಿದವರು: ಅಕ್ಕ.

"ಇದ್ಯಾರೋ ಅಕ್ಕ?"

"ನೀನೇ. ಹೆಸರು ಕೇಳ್ತು, ಬರ್ದೆ."

"ಅಯ್ಯೋ ನಿನ್ನ! ಕಂಪನಿ ಯಜಮಾನ್ರಿಗೆ ನಾನು ಯಾವ ಸೀಮೆ ಅಕ್ಕನೋ? ಯಾರದೋ ತಮಾಷೆ ಅಂತ ಕಸಕ್ಕೆ ಎಸೀತಾರೆ ಅಷ್ಟೆ."

(ಓದುಗರೇ, ನೀವೇ ಹೇಳಿ. ಹುಟ್ಟಿದಾಗಿನಿಂದ ಅವಳನ್ನು ಬೇರೆ ಹೆಸರಲ್ಲಿ ಕರೆದಿದ್ದರೆ ತಾನೆ ಕೈಗೆ ಅದು ಬರುವುದು?)

೫
ಹೆಸರು ತಿದ್ದುವಷ್ಟರಲ್ಲಿ ಕಂಪ್ಯೂಟರ್ ಟಿಣ್ ಎಂದಿತು. ಕಂಪನಿಯ ಉತ್ತರ! ನನ್ನ ಹತ್ತಿರ ಎರಡು ಅಂತ್ಯಗಳು ತಯಾರಿದ್ದವು. ಯಜಮಾನರು ಒಪ್ಪಿದ್ದಾರೆ ಎಂಬುದೊಂದು. 'ಯಾರಮ್ಮಾ ನೀವು?' ಎಂದು ಕೇಳಿದ್ದಾರೆ ಎಂಬುದು ಇನ್ನೊಂದು. ಯಾವುದನ್ನು ಇಡಲಿ ಎಂದು ತಲೆ ಕೆರೆದುಕೊಳ್ಳುವಾಗಲೇ ಅಕ್ಕ ಮೌಸ್ ಕಿತ್ತುಕೊಂಡಳು. ಓದಿದಳು. ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. (ಸಿಟ್ಟಿಗೂ ಖುಷಿಗೂ ಅವಳದು ಒಂದೇ ಗುದ್ದು.) ನಾನು ಇಣುಕುವ ಮೊದಲೇ ಪರದೆ ಆರಿಸಿ, ಕೆಂಪು ಬಟ್ಟೆಯ ಥಾನನ್ನು ಮೇಜಿನ ಮೇಲೆ ದಡಾರನೆ ಬಿಚ್ಚಿದಳು.

"ಏನಂತೆ? ಹೇಳಕ್ಕಾ, ಕಥೆ ಮುಗಿಸ್ಬೇಕು!"

"ಮುಗಿಸ್ತಾನಂತೆ! ರಾಣಿ, ಮಂತ್ರಿ ಯಾರ ಬಟ್ಟೆಗೂ ಇನ್ನೂ ಕತ್ತರಿನೇ ಹಾಕಿಲ್ಲ. ಬಾ, ಆ ತುದಿ ಹಿಡ್ಕೊ."