ಈರಯ್ಯನ ಹತ್ತೊಂಬತ್ತು ಕಲ್ಲು

ಬಿಜ್ಜರಗಿಯಿಂದ ತಿಕೋಟಾಕ್ಕೆ ಹೋಗುವ ರಸ್ತೆಗೆ ಹೊಸ ಡಾಂಬರು ಬಿದ್ದಾಗ ಊರಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಈರಯ್ಯ. ಅವನಿಗೆ ಬೈಕು ಹೊಡೆಯಲು ಬರುತ್ತಿತ್ತು ಎಂದಲ್ಲ. ಅವನ ಹೊಲದಲ್ಲಿ ಹುರಳಿ ಕೊಯ್ಲಿಗೆ ಬಂದಿತ್ತು.

ಹುರಳಿಯನ್ನು ತಂದು ಅರ್ಧ ರಸ್ತೆಗೆ ಹರವಿದ. ಬಸ್ಸು, ಟ್ರ್ಯಾಕ್ಟರು ಮೇಲೆ ಹಾಯ್ದು ಪುಕ್ಕಟೆ ಒಕ್ಕಿಕೊಡತೊಡಗಿದವು. ಪಕ್ಕಕ್ಕೆ ಸರಿದು ಹೋಗುವ ಡ್ರೈವರನನ್ನು ಈರಯ್ಯ ಮೈಗಳ್ಳ ಎಂದು ಬೈದ. ಮೈಗಳ್ಳರು ತಪ್ಪಿಸಿಕೊಳ್ಳಬಾರದೆಂದು ಉಳಿದರ್ಧ ರಸ್ತೆಗೆ ಹತ್ತೊಂಬತ್ತು ದೊಡ್ಡ ಕಲ್ಲು ಇಟ್ಟ. ಬಾಜು ಹೊಲದ ರಾಯಪ್ಪ ಆ ಕಲ್ಲು ಎತ್ತಿಕೊಂಡು ಹೋದಾನೆಂದು, ಎತ್ತಿನ ಕೋಡಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದಲ್ಲಿ ಒಂದೊಂದರ ಮೇಲೂ ತನ್ನ ಹೆಸರು ಬರೆದ.

ಅವನ ಅಣ್ಣನ ಸೊಸೆ ವಿಜಯಲಕ್ಷ್ಮೀ ಊರಿನ ಆಶಾ ಕಾರ್ಯಕರ್ತೆ. ದಿನಾ ಅಲ್ಲಿ ಸ್ಕೂಟಿ ಇಳಿದು ತಳ್ಳಿಕೊಂಡು ಹೋಗಬೇಕಾಯಿತು.

"ಮಾವಾರ, ಕಾಳಿನ ಮ್ಯಾಲ ಗಾಲಿ ಜಾರತಾವ್ರಿ. ನಿಮ್ಮ ಹೊಲದಾಗ ಕಣಾ ಐತಲ್ರಿ?"

"ಹೊಲದಾಗ ಬಸ್ ಬರತೈತೇನವಾ?"

ರಾಶಿ ಎತ್ತುವಾಗ ಕಲ್ಲನ್ನಾದರೂ ಎತ್ತಿರಿ ಎಂದು ಅವಳು ಬೇಡಿಕೊಂಡಳು. ನಾಳೆ ಮತ್ತೆ ಬೇಕಾಗುವ ಕಲ್ಲನ್ನು ಇಂದು ಎತ್ತುವಷ್ಟು ಹುಚ್ಚು ತನಗೆ ಹಿಡಿದಿಲ್ಲ ಎಂದ ಈರಯ್ಯ. ಸಂಜೆ ಹುರಳಿ ಮನೆಗೆ ಹೋಯಿತು. ಕಲ್ಲು ಅಲ್ಲೇ ಕೂತವು.

ಈರಯ್ಯನ ಮಗ ಸಂಗು ಪೊಲೀಸ್ ನೌಕರಿಯ ಭರ್ತಿಗೆಂದು ಎರಡು ವರ್ಷದಿಂದ ಓಡುತ್ತಿದ್ದ. ಮನೆಯ ಹಾಲೆಲ್ಲ ಅವನ ಹೊಟ್ಟೆಗೇ ಹೋಗುತ್ತಿತ್ತು; ಈರಯ್ಯ ಎರಡು ವರ್ಷ ಕರಿ ಚಹಾ ಕುಡಿದಿದ್ದ. ಸೋಮವಾರ ವಿಜಯಪುರದಲ್ಲಿ ಓಟದ ಪರೀಕ್ಷೆ. ಶನಿವಾರ ಸಂಗು ತಿಕೋಟಾದಲ್ಲಿ ಹೊಸ ಬೂಟು ಕೊಂಡು ಮುಸ್ಸಂಜೆಗೆ ಬೈಕಿನಲ್ಲಿ ಮರಳುತ್ತಿದ್ದ. ಎದುರಿಗೆ ಬಂದ ಟ್ರ್ಯಾಕ್ಟರಿನ ಬೆಳಕು ಕಣ್ಣಿಗೆ ಬಡಿಯಿತು. ಮುಂದಿನ ಗಾಲಿ ಕಲ್ಲು ಹತ್ತಿತು.

ಹಿಂದೆ ಬರುತ್ತಿದ್ದ ವಿಜಯಲಕ್ಷ್ಮೀ, ಅವನನ್ನು ಎತ್ತಿ ಎಳೆದಾಡಲು ಬಂದವರನ್ನು ತಡೆದು, 108ಕ್ಕೆ ಫೋನ್ ಮಾಡಿದಳು. ಕಾಲಿನ ಎಲುಬು ಮುರಿದಿತ್ತು. ಹೆಲ್ಮೆಟ್ ಒಡೆದಿತ್ತು, ತಲೆ ಉಳಿದಿತ್ತು.

ಮರುದಿನ, ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಸಂಗುವನ್ನು ನೋಡಲು ಬಂದವರ ಮುಂದೆ ಈರಯ್ಯ, ಬಿದ್ದದ್ದೆಲ್ಲಿ ಎಂದು ಕೇಳುವ ಮೊದಲೇ, ಕಲ್ಲಿಟ್ಟವನ ಮೂರು ತಲೆಮಾರನ್ನು ಬೈದ. ಎರಡು ವರ್ಷದ ಓಟ ಮಣ್ಣುಪಾಲಾಯಿತು, ಅವನನ್ನು ಬಿಡುವುದಿಲ್ಲ, ಕೇಸು ಹಾಕುತ್ತೇನೆ, ಕೈಗೆ ಬೇಡಿ ತೊಡಿಸುತ್ತೇನೆ ಎಂದ. ಬೈಗುಳ ಮುಗಿಯುವವರೆಗೆ ಕಾದು ವಿಜಯಲಕ್ಷ್ಮೀ ರಾಯಪ್ಪನಿಗೆ ಸನ್ನೆ ಮಾಡಿದಳು. ಅವನು ಹೊರಗಿನಿಂದ ಬೈಕಿನ ಗಾಲಿ ಹತ್ತಿದ್ದ ಆ ಕಲ್ಲನ್ನು ಹೊತ್ತು ತಂದು ಪಡಸಾಲೆಯ ನಡುವೆ ಇಟ್ಟ.

ಮೇಲೆ ಕೆಂಪಕ್ಷರ ಕಾಣುತ್ತಿತ್ತು. ಈರಯ್ಯ ಚಾಳೀಸು ಸಿಗಲಿಲ್ಲವೆಂದು ಜೇಬು ತಡಕಾಡಿದ. ಚಾಳೀಸು ಮೂಗಿನ ಮೇಲೇ ಇತ್ತು.

ಶಾಲೆಯ ಮೆಟ್ಟಿಲು ಹತ್ತದ ಹೆಂಡತಿ ಕಾಶಿಬಾಯಿ ಬಗ್ಗಿ ನೋಡಿದಳು. "ನನಗ ಓದಾಕ ಬರೂದಿಲ್ಲ. ಆದ್ರ ಈ ಬಣ್ಣಾ ನಮ್ಮ ಎತ್ತಿನ ಕೋಡಿಂದು."

ಸೋಮವಾರ ಓಟ ನಡೆಯಿತು. ಸಂಗು ಹಾಸಿಗೆಯಲ್ಲಿದ್ದ, ಹೊಸ ಬೂಟು ಡಬ್ಬಿಯಲ್ಲಿದ್ದವು. ಮುಂದಿನ ಭರ್ತಿ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಈರಯ್ಯ ಬೆಳಕು ಹರಿಯುವ ಮೊದಲೇ ಬಂಡಿ ಕಟ್ಟಿಕೊಂಡು ಹೋಗಿ ಉಳಿದ ಹದಿನೆಂಟು ಕಲ್ಲು ಎತ್ತಿದ, ಚೆಲ್ಲಿದ ಕಾಳು ಗುಡಿಸಿದ, ಹೊಲದಲ್ಲಿ ಕಣ ಸಾರಿಸಿದ.

ವಾರದ ಮೇಲೆ ರಾಯಪ್ಪ ತನ್ನ ಹುರಳಿ ತಂದು ಅದೇ ರಸ್ತೆಗೆ ಹರವತೊಡಗಿದ. ಈರಯ್ಯ ಅಡ್ಡ ನಿಂತ.

"ಯಾಕೋ ಈರಯ್ಯಾ, ಹೊಲದಾಗ ಬಸ್ ಬರತೈತೇನು?"

"ಬರೂದಿಲ್ಲ. ಅದಕ್ಕ ಅಲ್ಲಿ ಯಾರ ಮಗನೂ ಬೀಳೂದಿಲ್ಲ. ತಗೀ, ನನ್ನ ಕಣಾ ಖಾಲಿ ಐತಿ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಗಬೇಡಿ. ನಿಮ್ಮ ಕಲ್ಲಿನ ಮೇಲೆ ಹೆಸರಿಲ್ಲ ಎಂದು ನೆಮ್ಮದಿಯಾಗಿ ಕೂರಲೂ ಬೇಡಿ. ರಸ್ತೆ ಯಾರ ಕಣವೂ ಅಲ್ಲ. ಬೆಳೆ ಹೊಲದಲ್ಲಿ ಒಕ್ಕಿರಿ. ಗಾಡಿ ಹತ್ತುವ ಮುಂಚೆ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಿರಿ. ಯಾರಾದರೂ ಬಿದ್ದರೆ ನಿಂತು ನೋಡದೆ 108ಕ್ಕೆ ಕರೆ ಮಾಡಿ. ಮತ್ತೆ, ರಸ್ತೆಯಲ್ಲಿ ನೀವು ಬಿಟ್ಟು ಬಂದ ಕಲ್ಲು ಇದ್ದರೆ ಈ ಹಾಳೆಯನ್ನು ಮಡಚಿಟ್ಟು ಈಗಲೇ ಎದ್ದು ಹೋಗಿ. ಸಂಜೆಯಾಗುತ್ತಿದೆ, ನಿಮ್ಮ ಮನೆಯವರೂ ಅದೇ ದಾರಿಯಲ್ಲಿ ಬರುತ್ತಿದ್ದಾರೆ.