ಶನಿವಾರದ ಕಡಲನೀರು

ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕಪ್ಪು ಕನ್ನಡಕ ಹಾಕಿಕೊಂಡರೆ ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಗುರುತು ಸಿಗುವುದಿಲ್ಲ ಎಂದು ಜನ್ನಿಸ್ ನಂಬಿದ್ದ. ಥಿಸಿಯೊ ಸ್ಟೇಷನ್ನಿನ ಎದುರು ಆಗಲೇ ಹನ್ನೆರಡು ಜನ ಸೇರಿದ್ದರು. ಎಳ್ಳು ಮೆತ್ತಿದ ಬ್ರೆಡ್ಡಿನ ಬಳೆ ಮಾರುವ ಗಾಡಿಯ ಮರೆಯಲ್ಲಿ ಅವನು ಹದಿಮೂರನೆಯವನಾಗಿ ನಿಂತ. ಊರು ತೋರಿಸುವ ಗೈಡ್ ಆಗಿದ್ದ ಅವನ ಹೆಂಡತಿ ಪೊಲಿಕ್ಸೇನಿ ಕೈಯಲ್ಲಿ ಚೀಟಿ ಹಿಡಿದು ಒಂದೊಂದೇ ಹೆಸರು ಕೂಗುತ್ತ ಬಂದಳು.

"ಸ್ಟ್ರಾಟಿಸ್ ಅನ್ನೋರು ಯಾರು?"

ಜನ್ನಿಸ್ ಕೈ ಎತ್ತಿದ. ಸ್ಟ್ರಾಟಿಸ್ ಎಂದರೆ ಅವರ ಮದುವೆಯ ದಿನ ಶಾಸ್ತ್ರದಂತೆ ಇಬ್ಬರ ತಲೆಯ ಮೇಲಿನ ಹೂಕಿರೀಟಗಳನ್ನು ಅದಲುಬದಲು ಮಾಡಿದ ಗೆಳೆಯ. ಇಡೀ ಅಥೆನ್ಸಿನಲ್ಲಿ ಇವನಿಗೆ ಹೊಳೆದ ಸುಳ್ಳು ಹೆಸರು ಅದೊಂದೇ.

ಪೊಲಿಕ್ಸೇನಿ ಟೋಪಿ ನೋಡಿದಳು. ಆಮೇಲೆ ತಾನೇ ಕೊಡಿಸಿದ್ದ ಬೂಟುಗಳನ್ನು ನೋಡಿದಳು. "ಬನ್ನಿ ಯಜಮಾನ್ರೇ. ಬಿಸಿಲು ಜಾಸ್ತಿ, ಟೋಪಿ ತಂದಿದ್ದು ಒಳ್ಳೇದಾಯ್ತು," ಎಂದು ಚೀಟಿಯ ಮೇಲೆ ಗೀಟು ಹಾಕಿ ಮುಂದೆ ಹೋದಳು.

ಜನ್ನಿಸ್ ಮೂವತ್ತೊಂದು ವರ್ಷ ಸರಕು ಹಡಗುಗಳ ಎಂಜಿನ್ ನೋಡಿಕೊಂಡವನು. ವರ್ಷಕ್ಕೆ ಎರಡು ತಿಂಗಳು ಮನೆಗೆ ಬರುತ್ತಿದ್ದ. ಆಗಲೂ ಕಡಲಿನ ಮಾತೇ. ನಿವೃತ್ತನಾಗಿ ಐದು ವರ್ಷವಾಗಿತ್ತು. ಆಂಡ್ರೊಸ್ ದ್ವೀಪದಲ್ಲಿ ಅಪ್ಪನ ಕಾಲದ ಮನೆಯಿದೆ, ಕಿಟಕಿ ತೆರೆದರೆ ಕಡಲು, ಹಿತ್ತಿಲಲ್ಲಿ ನಿಂಬೆ ಗಿಡ. ಇಲ್ಲಿ ಪೆತ್ರಾಲೊನಾದ ಮನೆಯನ್ನು ಮಾರಿ ಅಲ್ಲಿಗೇ ಹೋಗಿಬಿಡಬೇಕೆಂದು ಐದು ವರ್ಷದಿಂದ ಜಪಿಸಿ, ಕೊನೆಗೆ ಕೊಳ್ಳುವವರನ್ನೂ ಹುಡುಕಿದ್ದ. ನಾಳೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೋಟರಿಯ ಎದುರು ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕು.

ಅವನ ನೆಮ್ಮದಿ ಕೆಡಿಸಿದ್ದು ಅವಳ ಒಪ್ಪಿಗೆ. ಒಂದು ಕಿಲೋ ಟೊಮೇಟೊಗೆ ಕಾಲು ಗಂಟೆ ಜಗಳ ಆಡುವ ಹೆಂಗಸು, ಇಷ್ಟು ದೊಡ್ಡ ಮಾತಿಗೆ ಪಾತ್ರೆ ತೊಳೆಯುತ್ತ, ತಿರುಗಿ ಕೂಡ ನೋಡದೆ, "ಆಗಲಿ" ಎಂದಿದ್ದಳು. ಜಗಳಕ್ಕೆ ಹತ್ತಾರು ಉತ್ತರ ಕಟ್ಟಿಟ್ಟುಕೊಂಡಿದ್ದ ಜನ್ನಿಸನಿಗೆ ಒಂದನ್ನೂ ಬಳಸಲು ಆಗಲಿಲ್ಲ. ಕಾಫಿ ಅಂಗಡಿಯಲ್ಲಿ ಸ್ಟ್ರಾಟಿಸನ ಹತ್ತಿರ ಹೇಳಿಕೊಂಡ.

"ಅವಳ ಕೆಲಸಾನ ಒಂದು ದಿನಾನಾದ್ರೂ ಹೋಗಿ ನೋಡಿದ್ದೀಯಾ?" ಎಂದು ಸ್ಟ್ರಾಟಿಸ್ ಕೇಳಿದ.

"ಕಲ್ಲು ತೋರಿಸ್ತಾಳೆ, ಕಥೆ ಹೇಳ್ತಾಳೆ. ಅದರಲ್ಲಿ ನೋಡೋದೇನಿದೆ? ಆ ಕಥೆ ನಮ್ಮಜ್ಜಿಗೂ ಗೊತ್ತಿತ್ತು."

"ಕತ್ತೆ ನೀನು. ಭಾನುವಾರ ಅವಳದು ಕಡೇ ನಡಿಗೆಯಂತೆ. ಹೋಗಿ ಕೇಳು."

ವಾರವೆಲ್ಲ ಹೊರದೇಶದವರಿಗೆ, ಭಾನುವಾರ ಮಾತ್ರ ಊರಿನವರಿಗೆ, ಇದು ಪೊಲಿಕ್ಸೇನಿಯ ಕ್ರಮ. ಊರಿನವರೆಂದರೆ ಸ್ಕೂಲಿನಲ್ಲಿದ್ದಾಗ ಒಮ್ಮೆ ಮೇಷ್ಟ್ರು ಎಳೆದುಕೊಂಡು ಹೋದಾಗ ಆಕ್ರೊಪೊಲಿಸ್ ಹತ್ತಿದವರು, ಆಮೇಲೆ ಬಾಲ್ಕನಿಯಿಂದಲೇ ನೋಡಿ ತೃಪ್ತರಾದವರು. ಇವತ್ತಿನ ಗುಂಪಿನಲ್ಲಿ ಎಲ್ಲಕ್ಕೂ ಒಂದು ತಕರಾರು ಇಟ್ಟುಕೊಂಡಿದ್ದ ಮುದುಕ ವಕೀಲರೊಬ್ಬರಿದ್ದರು. ದಿಯಾಲೆಖ್ತಿ ಎಂಬ ದಪ್ಪ ಹೆಂಗಸು ಬೀಸಣಿಗೆ ಆಡಿಸುತ್ತ, ಕಥೆ ಶುರುವಾಗುವ ಮೊದಲೇ ಮುಗಿಸಿಬಿಡುತ್ತಿದ್ದರು. ಜನ್ನಿಸನ ಎಡಗಿವಿಯನ್ನು ಎಂಜಿನ್ ತಿಂದುಹಾಕಿತ್ತು. ಹಾಗಾಗಿ ಬಚ್ಚಿಟ್ಟುಕೊಳ್ಳಬೇಕೆಂದಿದ್ದವನು ಬಲಗಿವಿ ಮುಂದೆ ಮಾಡಿಕೊಂಡು ಮೊದಲ ಸಾಲಿಗೇ ಬಂದು ನಿಲ್ಲಬೇಕಾಯಿತು.

ಕಮ್ಮಾರ ದೇವರು ಇಫೆಸ್ಟೊಸನ ಗುಡಿ ಕಾಣುವ ತಿರುವಿನಲ್ಲಿ ಅವಳು ನಿಂತಳು.

"ಒಲಿಂಪೊಸ್ ಬೆಟ್ಟದ ಮೇಲೆ ಹನ್ನೆರಡು ಜನ ದೇವರು. ಹನ್ನೊಂದು ಜನ ಉಣ್ತಾರೆ, ಕುಡೀತಾರೆ, ಪಕ್ಕದ ಮನೆಯೋರ ಹೆಂಡ್ತಿ ಮೇಲೆ ಕಣ್ಣು ಹಾಕ್ತಾರೆ. ಒಬ್ಬನ ಕೈಗೆ ಮಾತ್ರ ಮಸಿ. ಕಾಲು ಕುಂಟು. ಕುಲುಮೆ ಬಿಟ್ಟು ಹೊರಗೆ ಬಂದೋನೇ ಅಲ್ಲ. ಉಳಿದೋರ ರಥ, ಗುರಾಣಿ, ಕುಡಿಯೋ ಬಟ್ಟಲು, ಎಲ್ಲಾ ಅವನು ಮಾಡಿಕೊಟ್ಟಿದ್ದೇ."

"ಪಾಪ, ಅವನ ಹೆಂಡ್ತಿ ಸರಿ ಇರ್ಲಿಲ್ಲ ಅಲ್ವಾ?" ಎಂದರು ದಿಯಾಲೆಖ್ತಿ.

"ಹೆಂಡ್ತಿ ಮಾಡಿದ್ದು ಎಲ್ರಿಗೂ ಗೊತ್ತಮ್ಮಾ. ಅವಳು ಎಷ್ಟು ಸಂಜೆ ಒಬ್ಬಳೇ ಕೂತಿದ್ಲು ಅನ್ನೋದನ್ನ ಮಾತ್ರ ಯಾವ ಕವೀನೂ ಲೆಕ್ಕ ಇಡ್ಲಿಲ್ಲ."

ಗುಂಪು ನಕ್ಕಿತು. ಜನ್ನಿಸನಿಗೆ ತಡೆಯಲಾಗಲಿಲ್ಲ. "ಕುಲುಮೆ ಕೆಲಸ ಮಧ್ಯದಲ್ಲಿ ಬಿಟ್ಟು ಬರೋಕಾಗಲ್ಲ. ಬೆಂಕಿ ಆರಿಹೋಗುತ್ತೆ."

"ಹೌದಾ ಯಜಮಾನ್ರೇ? ನಿಮಗೆ ಕುಲುಮೆ ಗೊತ್ತಾ?"

"ಸ್ವಲ್ಪ."

"ಹಾಗಾದ್ರೆ ಆ ಗುಡಿ ಸರಿಯಾಗಿ ನೋಡಿ. ಇಷ್ಟು ಗಟ್ಟಿಯಾಗಿ ಉಳಿದಿರೋದು ಈ ಊರಲ್ಲಿ ಇನ್ನೊಂದಿಲ್ಲ. ಮೆರೆದೋರ ಚಾವಣಿ ಎಲ್ಲಾ ಹಾರಿಹೋಯ್ತು. ಕೆಲಸಗಾರನದು ಉಳೀತು."

ಮರಗಳ ನಡುವೆ ಜೇನಿನ ಬಣ್ಣದ ಕಂಬಗಳು ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ಮನೆಯಿಂದ ಹದಿನೈದು ನಿಮಿಷದ ದಾರಿಯಲ್ಲಿದ್ದ ಈ ಗುಡಿಯನ್ನು ಜನ್ನಿಸ್ ಒಮ್ಮೆಯೂ ನಿಂತು ನೋಡಿರಲಿಲ್ಲ. ನಲವತ್ತು ಬಂದರುಗಳ ಹೆಸರು ಹೇಳಬಲ್ಲ. ಅವನು ಗೊತ್ತಿಲ್ಲದೆಯೇ ಬೆನ್ನು ನೆಟ್ಟಗೆ ಮಾಡಿಕೊಂಡ.

ಆಮೇಲೆ ಅವನು ಕಥೆಗಿಂತ ಅವಳ ಕೆಲಸವನ್ನೇ ನೋಡತೊಡಗಿದ. ಒಳ್ಳೆಯ ಎಂಜಿನನ್ನು ಸದ್ದಿನಿಂದಲೇ ಗುರುತಿಸುವವನಿಗೆ ಒಳ್ಳೆಯ ಕೆಲಸ ಕಂಡರೆ ತಿಳಿಯದೆ ಇರುತ್ತದೆಯೇ? ಅವಳು ಎಲ್ಲಿಯೂ ಗಂಟಲು ಏರಿಸಲಿಲ್ಲ. ದನಿ ತಗ್ಗಿಸಿದಾಗಲೇ ಜನ ಹತ್ತಿರ ಬರುತ್ತಿದ್ದರು. ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತಿದ್ದ ವಕೀಲರ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿಕೊಂಡಿದ್ದಳು, ಅದೂ ಅವರಿಗೆ ತಿಳಿಯದ ಹಾಗೆ, ಆಗಾಗ ನಿಂತು ಯಾವುದೋ ಗಿಡದ ಹೆಸರು ಹೇಳುವ ನೆಪದಲ್ಲಿ. ಅರೆಸ್ ದೇವರ ಮೇಲೆ ಕೊಲೆಯ ಮೊಕದ್ದಮೆ ನಡೆದ ಬಂಡೆಯ ಕೆಳಗೆ, "ಈ ಕೇಸು ನೀವಾಗಿದ್ರೆ ಹೇಗೆ ವಾದಿಸ್ತಿದ್ರಿ?" ಎಂದು ಅವರನ್ನೇ ಕೇಳಿಬಿಟ್ಟಳು. ಅಲ್ಲಿಂದಾಚೆ ವಕೀಲರ ತಕರಾರೆಲ್ಲ ಬೆಣ್ಣೆಯಾಯಿತು.

ಇನ್ನೊಂದು ಸಂಗತಿ ಅವನು ನಾಲ್ಕನೆಯ ಸಲ ನಿಂತಾಗ ಗಮನಿಸಿದ. ಎಲ್ಲಿ ನಿಂತರೂ ಅವಳು ಬಿಸಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದಳು, ಕೇಳುವವರ ಬೆನ್ನಿಗೆ ಬಿಸಿಲು ಬೀಳಲಿ ಎಂದು. ಅವಳ ಕಣ್ಣಂಚಿನ ಸುಕ್ಕುಗಳನ್ನು ನೋಡಿ ಅವನು ಎಷ್ಟೋ ಸಲ, "ಮುದುಕಿಯಾದೆ ಕಣೇ," ಎಂದು ಕಿಚಾಯಿಸಿದ್ದ. ಆ ಸುಕ್ಕು ಎಲ್ಲಿಂದ ಬಂತೆಂದು ಇವತ್ತು ತಿಳಿದು ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಇವಳು ನನ್ನ ಹೆಂಡತಿ ಎಂದು ಪಕ್ಕದವರಿಗೆ ಹೇಳಬೇಕೆನ್ನಿಸಿತು. ಆದರೆ ತಾನು ಸ್ಟ್ರಾಟಿಸ್ ಆಗಿದ್ದ.

ಕೊನೆಗೆ ಗುಂಪು ಪ್ನಿಕಾ ಗುಡ್ಡ ಹತ್ತಿತು. ಹಿಂದಿನ ಕಾಲದ ಊರಿನವರು ಸಭೆ ಸೇರಿ ವೋಟಿಗೆ ಕೈ ಎತ್ತುತ್ತಿದ್ದ ಬಯಲು ಅದು. ಎದುರಿಗೆ ಆಕ್ರೊಪೊಲಿಸ್, ಬೆನ್ನ ಹಿಂದೆ ಮನೆಗಳ ಚಾವಣಿಗಳಾಚೆ ತೆಳ್ಳಗೊಂದು ಗೆರೆ ಕಡಲು. ಪೊಲಿಕ್ಸೇನಿ ಚೀಲದಿಂದ ಕಾಫಿ ಕಾಸುವ ತಾಮ್ರದ ಹಿಡಿಪಾತ್ರೆಗಳೆರಡನ್ನು ತೆಗೆದು ಬಂಡೆಯ ಮೇಲಿಟ್ಟಳು. ಒಂದರೊಳಗೆ ಆಲಿವ್ ಗಿಡದ ಎಳೆ ಟಿಸಿಲು ಇಟ್ಟಳು. ಇನ್ನೊಂದಕ್ಕೆ ಪ್ಲಾಸ್ಟಿಕ್ ಬಾಟಲಿಯಿಂದ ನೀರು ಸುರಿದಳು.

ಆ ಬಾಟಲಿ ಜನ್ನಿಸನಿಗೆ ಚೆನ್ನಾಗಿ ಗೊತ್ತು. ಶನಿವಾರ ಶನಿವಾರ ಫ್ರಿಜ್ಜಿನ ಬಾಗಿಲಲ್ಲಿ ಇರುತ್ತಿತ್ತು. ಒಮ್ಮೆ ಬಾಯಾರಿ ಬಂದು ಗಟಗಟ ಕುಡಿದು, ಅಡುಗೆಮನೆ ತುಂಬ ಉಗಿದು, "ಉಪ್ಪುನೀರು ಇಟ್ಟು ಕೊಲ್ತೀಯಾ?" ಎಂದು ಕೂಗಾಡಿದ್ದ. "ಅದು ನನ್ನ ಕೆಲಸದ್ದು, ಮುಟ್ಟಬೇಡ," ಎಂದಷ್ಟೇ ಹೇಳಿ ಅವಳು ನೆಲ ಒರೆಸಿದ್ದಳು.

"ಇದು ಫಾಲಿರೊದ ಕಡಲನೀರು. ಪ್ರತಿ ಶನಿವಾರ ಟ್ರಾಮ್ ಹತ್ತಿ ಹೋಗಿ ತರ್ತೀನಿ," ಎಂದು ಗುಂಪಿಗೆ ಹೇಳುತ್ತಿದ್ದಳು. "ನಲ್ಲಿ ನೀರಿಗೆ ಉಪ್ಪು ಬೆರೆಸಿದ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಕಡಲ ದೇವರು ಪೊಸಿದೋನನಿಗೆ ಗೊತ್ತಾಗುತ್ತೆ."

ಆಮೇಲೆ ಕಥೆ. ಊರಿಗೆ ಯಾರ ಹೆಸರಿಡಬೇಕೆಂದು ಇಬ್ಬರು ದೇವರ ನಡುವೆ ಪಂದ್ಯ. ಪೊಸಿದೋನ್ ತ್ರಿಶೂಲದಿಂದ ಬಂಡೆಗೆ ಹೊಡೆದು ಉಪ್ಪುನೀರಿನ ಬಾವಿ ಚಿಮ್ಮಿಸಿದ. ಅಥೀನಾ ಆಲಿವ್ ಗಿಡ ನೆಟ್ಟಳು. ರಾಜ ಗಂಡಸರನ್ನೂ ಹೆಂಗಸರನ್ನೂ ಕರೆದು ವೋಟಿನ ಕಲ್ಲು ಹಾಕಿಸಿದ. ಗಂಡಸರೆಲ್ಲ ಕಡಲಿಗೆ, ಹೆಂಗಸರೆಲ್ಲ ಗಿಡಕ್ಕೆ. ಹೆಂಗಸರು ಒಬ್ಬರು ಹೆಚ್ಚಿದ್ದರು.

"ಗೆದ್ರು!" ಎಂದರು ದಿಯಾಲೆಖ್ತಿ.

"ಗೆದ್ರು. ಸೋತೋನು ಮುನಿಸಿಕೊಂಡ. ಬಯಲೆಲ್ಲ ಕಡಲು ನುಗ್ಗಿಸಿದ. ಅವನ ಕೋಪ ಇಳಿಸೋಕೆ ಊರಿನವರು ಏನು ಮಾಡಿದ್ರು ಗೊತ್ತಾ? ಇನ್ಮೇಲೆ ಹೆಂಗಸರಿಗೆ ವೋಟಿಲ್ಲ ಅಂದ್ರು. ಮಕ್ಕಳಿಗೆ ತಾಯಿ ಹೆಸರಿಲ್ಲ ಅಂದ್ರು."

"ಅನ್ಯಾಯ. ಅವರ್ಯಾಕೆ ಸುಮ್ಮನಿದ್ರು?" ವಕೀಲರು ಕೋಲು ಕುಟ್ಟಿದರು.

ಪೊಲಿಕ್ಸೇನಿ ತಾಮ್ರದ ಪಾತ್ರೆಯ ಹಿಡಿಯನ್ನು ನೇರ ಮಾಡಿದಳು. "ಕಡಲು ಮನೆಯೊಳಗೇ ಮುಖ ಊದಿಸ್ಕೊಂಡು ಕೂತ್ರೆ ನೀವೇನು ಮಾಡ್ತಿದ್ರಿ ವಕೀಲ್ರೇ? ಗೆದ್ದ ಮೇಲೆ ಅದರ ಜೊತೆ ಬಾಳಬೇಕಲ್ಲ. ಅದಕ್ಕೇ ಈಗ ಕೆಲವು ಹೆಂಗಸರು ಕಲ್ಲು ಹಾಕೋಕೇ ಹೋಗಲ್ಲ. ಆಗಲಿ ಅಂದ್ಬಿಡ್ತಾರೆ."

ಜನ್ನಿಸ್ ಕನ್ನಡಕ ತೆಗೆದ. ಅವಳು ಇವನ ಕಡೆ ನೋಡಲಿಲ್ಲ.

"ನಾವು ಪ್ರತಿ ಭಾನುವಾರ ಹೊಸದಾಗಿ ವೋಟು ಹಾಕ್ತೀವಿ," ಎಂದು ಅವಳು ಚೀಲದಿಂದ ಕಲ್ಲುಗಳನ್ನು ತೆಗೆದು ಒಬ್ಬೊಬ್ಬರ ಕೈಗಿಟ್ಟಳು. "ಪೊಸಿದೋನ್ ಗೆದ್ದ ಭಾನುವಾರಗಳೂ ಉಂಟು. ಸಂಜೆ ತನಕ ಊರಿಗೆ ಅವನದೇ ಹೆಸರು. ಹೇಗೆ ಬೇಕೋ ಹಾಗೆ ಹಾಕಿ. ಕಲ್ಲು ಮಾತ್ರ ವಾಪಸ್ ಕೊಡಿ, ದೂರದಿಂದ ಬಂದವು."

ಜನ್ನಿಸನ ಅಂಗೈಯಲ್ಲಿ ಬಿದ್ದದ್ದು ನಡುವಿನಲ್ಲಿ ಬಿಳಿ ಪಟ್ಟೆಯಿದ್ದ ಕರಿಕಲ್ಲು. ಅವನು ಅದನ್ನು ಹೊರಳಿಸಿ ನೋಡಿದ. ಸಾಂತೋಸ್ ಬಂದರು, ಮಗಳು ಹುಟ್ಟಿದ ವರ್ಷ. ಅತ್ತರು ಬೇಡ, ಶಾಲು ಬೇಡ, ಪ್ರತಿ ದಡದಿಂದ ಒಂದು ಕಲ್ಲು ತಾ ಎಂದು ಕಾಗದ ಬರೆದಿದ್ದಳು. ಪುಕ್ಕಟೆ ಸಿಗುತ್ತದೆಂದು ನಕ್ಕು ತಂದುಕೊಟ್ಟಿದ್ದ. ಅವುಗಳನ್ನು ಎಂದೋ ಎಸೆದಿರುತ್ತಾಳೆ ಎಂದುಕೊಂಡಿದ್ದ. ಅಕ್ಕಪಕ್ಕದವರ ಕೈ ನೋಡಿದ. ವಕೀಲರ ಕೈಯಲ್ಲಿ ಡರ್ಬನ್ ಇತ್ತು. ದಿಯಾಲೆಖ್ತಿಯ ಕೊಬ್ಬಿದ ಬೆರಳುಗಳ ನಡುವೆ ಒಡೆಸ್ಸಾ. ಅವನ ಮೂವತ್ತೊಂದು ವರ್ಷಗಳನ್ನು ಅವಳು ಪ್ರತಿ ಭಾನುವಾರ ಗುಡ್ಡ ಹತ್ತಿಸಿ ಇಳಿಸುತ್ತಿದ್ದಳು.

ವೋಟು ಶುರುವಾಯಿತು. ನಮ್ಮ ಜನ ಜಗಳವಿಲ್ಲದೆ ವೋಟು ಹಾಕಿದ್ದುಂಟೇ? "ಎಣ್ಣೆ ಇಲ್ದೆ ಯಾವ ಮನೆ ನಡೆಯುತ್ತೆ?" ಎಂದು ಒಬ್ಬರು, "ಕಡಲಿಲ್ದೆ ಗೋಧಿ ಎಲ್ಲಿಂದ ಬರ್ತಿತ್ತು?" ಎಂದು ಇನ್ನೊಬ್ಬರು. ವಕೀಲರು ಕಾನೂನಿನ ಮಾತಾಡಿ ಗಿಡಕ್ಕೆ ಹಾಕಿದರು. ದಿಯಾಲೆಖ್ತಿ, "ನನ್ನ ಗಂಡ ಈಜೋಕೆ ಹೋದಾಗಲೇ ಮನೇಲಿ ಶಾಂತಿ," ಎಂದು ಕಡಲಿಗೇ ಹಾಕಿ ಎಲ್ಲರನ್ನೂ ನಗಿಸಿದರು. ಹನ್ನೆರಡು ಕಲ್ಲು ಬಿದ್ದಾಗ ಆರಕ್ಕೆ ಆರು. ಕಡಲ ಪಾತ್ರೆಯಲ್ಲಿ ನೀರು ಕಂಠದವರೆಗೆ ಏರಿತ್ತು.

"ಟೋಪಿ ಯಜಮಾನ್ರು ಉಳಿದ್ರು," ಎಂದರು ಯಾರೋ.

ಜನ್ನಿಸ್ ಬಂಡೆಯ ಹತ್ತಿರ ಹೋದ. ಬೆನ್ನ ಹಿಂದಿನ ಆ ತೆಳು ಗೆರೆಯನ್ನು ತಿರುಗಿ ನೋಡಿದ. ಎಷ್ಟು ನೋಡಿದರೂ ಅವನಿಗೆ ಅದು ಸಾಲದು, ಆ ಆಸೆ ಸುಳ್ಳಲ್ಲ. ಪೊಲಿಕ್ಸೇನಿ ಬಿಸಿಲಿಗೆ ಮುಖ ಮಾಡಿ ನಿಂತಿದ್ದಳು. ಚೀಲದ ಪಟ್ಟಿಯನ್ನು ಹಿಡಿದ ಅವಳ ಬೆರಳುಗಳು ಬಿಳಿಚಿದ್ದವು. ಸಾಂತೋಸಿನ ಕಲ್ಲು ಆಲಿವ್ ಟಿಸಿಲಿದ್ದ ಒಣ ತಾಮ್ರದೊಳಗೆ ಟಣ್ ಎಂದು ಬಿತ್ತು.

ಚಪ್ಪಾಳೆಯ ನಡುವೆ ಅವಳು ಚೀಲದ ಪಟ್ಟಿಯನ್ನು ಬಿಟ್ಟಳು. "ಕಥೆ ಇನ್ನೊಂದು ಚೂರಿದೆ," ಎಂದಳು. "ಆಮೇಲೆ ಊರಿನವರಿಗೆ ಬುದ್ಧಿ ಬಂತು. ಅಗೋ ಅಲ್ಲಿ ಮೇಲೆ ಇಬ್ಬರಿಗೂ ಸೇರಿ ಒಂದೇ ಗುಡಿ ಕಟ್ಟಿದ್ರು. ಒಳಗೆ ಅವನ ಬಾವಿ, ಪಕ್ಕದಲ್ಲಿ ಅವಳ ಗಿಡ. ತೆಂಕಣ ಗಾಳಿ ಬೀಸಿದ ದಿನ ಬಾವಿಯೊಳಗಿಂದ ಅಲೆ ಸದ್ದು ಕೇಳಿಸ್ತಿತ್ತಂತೆ."

ಜನ ಚದುರಿದರು. ದಿಯಾಲೆಖ್ತಿ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, "ಮುಂದಿನ ತಿಂಗಳು ನಮ್ಮ ನಾದಿನೀನ ಕಳಿಸ್ತೀನಿ," ಎಂದು ಹೋದರು. ಪೊಲಿಕ್ಸೇನಿ ಕಲ್ಲುಗಳನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಸ್ಟ್ರಾಟಿಸ್ ಅಂತೆ ಸ್ಟ್ರಾಟಿಸ್! ಬೇರೆ ಹೆಸರೇ ಸಿಗಲಿಲ್ವಾ ನಿಂಗೆ?"

"ಯಾವಾಗ ಗೊತ್ತಾಯ್ತು?"

"ಸ್ಟೇಷನ್ ಮೆಟ್ಟಿಲು ಇಳೀತಿದ್ದಾಗಲೇ. ಎಡಗಾಲು ಎಳೀತೀಯಲ್ಲ." ಅವಳು ಕಡಲ ಪಾತ್ರೆಯನ್ನು ಬಂಡೆಯ ಮೇಲೆ ಬಗ್ಗಿಸಲು ಹೋದಳು. ಅವನು ಅವಳ ಕೈಯಿಂದ ತೆಗೆದುಕೊಂಡ.

"ಜನ್ನಿ, ನಾಳೆ ಹತ್ತು ಗಂಟೆಗೆ..."

"ಇನ್ಮೇಲೆ ಶನಿವಾರದ ನೀರು ನಾನು ತರ್ತೀನಿ," ಎಂದ ಅವನು. "ಟ್ರಾಮ್‌ನಲ್ಲಿ ನಿಂತ್ಕೊಂಡು ಹೋಗಬೇಡ ನೀನು."

ಅವಳು ಕರವಸ್ತ್ರ ಹುಡುಕಿದಳು, ಸಿಗಲಿಲ್ಲ, ಕಲ್ಲು ಒರೆಸಿದ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡಳು. ಪೈನ್ ಮರಗಳ ನಡುವಿನ ಕಾಲುದಾರಿಯಲ್ಲಿ ಇಬ್ಬರೂ ಪೆತ್ರಾಲೊನಾ ಕಡೆಗೆ ಇಳಿದರು. ಪಾತ್ರೆಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದುಕೊಂಡು, ಎಡಗಾಲು ಎಳೆಯುತ್ತ ಅವನು ಹಿಂದೆ ಬರುತ್ತಿದ್ದ.

"ಬಾಟ್ಲಿ ಖಾಲಿ ಇದೆ ಕಣೋ, ಅದಕ್ಕೇ ಸುರೀಬಾರ್ದಾ?" ಎಂದು ಅವಳು ನಿಂತು ಅವನ ಎಡಬದಿಯಿಂದ ಕೂಗಿದಳು.

ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ. ಮೆಟ್ಟಿಲು ಬಂದಾಗ ಒಂದು ಕ್ಷಣ ನಿಂತ, ನೀರು ಅಲುಗಾಡುವುದು ನಿಲ್ಲಲಿ ಎಂದು ಕಾದ, ಆಮೇಲೆ ಕಾಲಿಟ್ಟ.